ಕೀಲಿಕೈ ಯಾರ ಜೇಬಿನಲ್ಲಿ?

ಈಗಿನ ಹುಡುಗರು ನಂಬಲಿಕ್ಕಿಲ್ಲ, ನಮ್ಮ ಕುರುಬರಹಳ್ಳಿಯಲ್ಲೂ ಡಿಸೆಂಬರ್ ಚಳಿಗೆ ಬೀದಿಯಲ್ಲೇ ಬೆಂಕಿ ಹಾಕಿಕೊಂಡು ಕೂರುತ್ತಿದ್ದೆವು. ಪೈಪ್‌ಲೈನ್ ರೋಡಿನ ಹಿಂದಿನ ಅಡ್ಡರಸ್ತೆಯಲ್ಲಿ ಯಾರದೋ ಮನೆ ಏಳುತ್ತಿತ್ತು. ಸೆಂಟ್ರಿಂಗ್ ಬಿಚ್ಚಿದ ಮುರುಕು ಹಲಗೆ, ದಿನಸಿ ಅಂಗಡಿಯ ರಟ್ಟು, ಉದುರಿದ ತೆಂಗಿನ ಗರಿ ಇಷ್ಟಿದ್ದರೆ ಹನ್ನೊಂದು ಗಂಟೆಯವರೆಗೆ ಮಾತಿಗೆ ಬರವಿಲ್ಲ. ಬೆಂಕಿ ಹಚ್ಚುತ್ತಿದ್ದವನು ಬೀದಿ ಕಾಯುವ ಗೂರ್ಖಾ. ರಾತ್ರಿಯಿಡೀ ಸೀಟಿ ಊದಿ, ದೊಣ್ಣೆ ಕುಟ್ಟಿ, ತಿಂಗಳಾದ ಮೇಲೆ ಮನೆಮನೆಗೆ ಬಂದು ಇಪ್ಪತ್ತೋ ಮೂವತ್ತೋ ಇಸಿದುಕೊಂಡು ಹೋಗುತ್ತಿದ್ದ. ಪಶ್ಚಿಮ ನೇಪಾಳದ ಅಛಾಮ್ ಜಿಲ್ಲೆಯವನು. ಅಲ್ಲಿಂದ ಇಲ್ಲಿಗೆ ಯಾಕೆ ಬಂದೆಯಪ್ಪಾ ಎಂದು ನಾವ್ಯಾರೂ ಕೇಳಿದವರಲ್ಲ.

ನಾನು ಹೇಳುತ್ತಿರುವುದು 2008ರ ಡಿಸೆಂಬರಿನ ಕೊನೆಯ ಭಾನುವಾರದ ಮಾತು. ಮುಂಬೈ ದಾಳಿಯಾಗಿ ತಿಂಗಳು ಕಳೆದಿತ್ತಷ್ಟೆ. ಹಿಂದಿನ ದಿನ ಇಸ್ರೇಲ್ ಗಾಜಾದ ಮೇಲೆ ಬಾಂಬು ಸುರಿಯಲು ಶುರುಮಾಡಿತ್ತು. ಬಂದೂಕು ಹಿಡಿದವರೆಂದರೆ ಯಾರಿಗೂ ಕನಿಕರವಿರದ ದಿನಗಳು. ಬೆಂಕಿಯ ಮುಂದೆ ದಫೇದಾರ್ ಮಾವನೂ ಇದ್ದರು. ಕೆಎಸ್‌ಆರ್‌ಪಿಯಲ್ಲಿ ಸರ್ವಿಸ್ ಮುಗಿಸಿ ಬಂದವರು. 2005ರ ಫೆಬ್ರವರಿ 6ರಂದು ಮಲೆನಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ ನಾಲ್ಕೇ ದಿನಕ್ಕೆ, ಪಾವಗಡದ ವೆಂಕಟಮ್ಮನಹಳ್ಳಿ ಶಾಲೆಯಲ್ಲಿ ತಂಗಿದ್ದ ಪೊಲೀಸರ ಮೇಲೆ ನಕ್ಸಲರು ರಾತ್ರೋರಾತ್ರಿ ಎರಗಿದರಲ್ಲ, ಅಲ್ಲಿ ಸತ್ತವರ ಹೆಸರುಗಳು ಮಾವನಿಗೆ ಬಾಯಿಪಾಠ. ಆ ವಿಷಯ ಬಂದರೆ ಧ್ವನಿ ಏರುತ್ತಿತ್ತು.

ನಾನೇ ಬಾಯಿಬಿಟ್ಟೆ. "ಗಾಜಾದಲ್ಲಿ ಹಮಾಸ್‌ನವರು ಓಟಲ್ಲಿ ಗೆದ್ದವರು ಮಾವ. 2006ರ ಜನವರಿಯಲ್ಲಿ 132 ಸೀಟಲ್ಲಿ 74. ಅಮೆರಿಕ, ಯುರೋಪಿನವರು ನೀವು ಗೆದ್ದಿದ್ದು ನಮಗೆ ಲೆಕ್ಕಕ್ಕಿಲ್ಲ ಅಂದ್ರು."

"ಸರಿಯಾಗೇ ಅಂದಿದ್ದಾರೆ ಬಿಡಿ. ಓಟು ಬಿದ್ದ ಮಾತ್ರಕ್ಕೆ ಕೊಲೆಗಾರ ಸಾಹುಕಾರ ಆಗ್ಬಿಡ್ತಾನಾ?"

ಹಲಗೆ ಸರಿಸುತ್ತಿದ್ದ ಗೂರ್ಖಾ ತಲೆಯೆತ್ತಲಿಲ್ಲ. "ನಮ್ಮ ಪ್ರಧಾನಿ ಹಾಗೇ ಬಂದವ್ರು, ಸಾಬ್" ಎಂದ.

ಹೌದಲ್ಲ! ನೇಪಾಳದ ಮಾವೋವಾದಿ ನಾಯಕ ಪ್ರಚಂಡ. 1996ರ ಫೆಬ್ರವರಿಯಲ್ಲಿ ಶುರುವಾದ ಮಾವೋವಾದಿಗಳ ಯುದ್ಧ ಹತ್ತು ವರ್ಷ ನಡೆದು, ಎರಡೂ ಕಡೆ ಸೇರಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. 2008ರ ಏಪ್ರಿಲ್ 10ರಂದು ಅಲ್ಲಿ ಸಂವಿಧಾನ ಸಭೆಗೆ ಚುನಾವಣೆ. ಸರಿಯಾಗಿ ಒಂದು ತಿಂಗಳಿಗೆ, ಮೇ 10ಕ್ಕೆ, ನಾವು ಬೆಂಗಳೂರಿನವರು ವಿಧಾನಸಭೆಗೆ ಓಟು ಹಾಕಿ ಬೆರಳಿಗೆ ಮಸಿ ಹಚ್ಚಿಸಿಕೊಂಡಿದ್ದೆವು. ಅಲ್ಲಿ ಮಾವೋವಾದಿಗಳೇ ಎಲ್ಲರಿಗಿಂತ ದೊಡ್ಡ ಪಕ್ಷವಾದರು. ಆಗಸ್ಟಿನಲ್ಲಿ ಪ್ರಚಂಡ ಪ್ರಧಾನಿ. ನಮ್ಮ ಕಣ್ಣೆದುರಿಗೇ ದೇಶವೊಂದು ರಾಜನನ್ನು ಇಳಿಸಿ ಕಾಡಿನವನನ್ನು ಕೂರಿಸಿದ್ದರೂ ನಮಗೆ ಯಡಿಯೂರಪ್ಪನವರ 110 ಸೀಟಿನ ಲೆಕ್ಕವೇ ದೊಡ್ಡದಾಗಿತ್ತು.

ಆಮೇಲೆ ಅವನು ತನ್ನ ಕಥೆ ಹೇಳಿದ, ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ. ಮನೆಗೊಬ್ಬರು ಬರಬೇಕು ಎಂದು ಮಾವೋವಾದಿಗಳು ಊರಲ್ಲಿ ಹೇಳಿ ಹೋಗಿದ್ದರಂತೆ. 2002ರ ಫೆಬ್ರವರಿಯಲ್ಲಿ ಅವನ ಜಿಲ್ಲಾ ಕೇಂದ್ರ ಮಂಗಲ್‌ಸೇನ್ ಮೇಲೆ ದಾಳಿಯಾಗಿ 100ಕ್ಕೂ ಹೆಚ್ಚು ಸೈನಿಕರು, ಪೊಲೀಸರು ಸತ್ತರು. ಅದಾದ ಮೇಲೆ ಸೈನ್ಯದವರು ಊರೂರು ನುಗ್ಗಿ, ಗಂಡಸು ಕಂಡರೆ ಎಳೆದೊಯ್ಯತೊಡಗಿದರು. ಅತ್ತ ಹೋದರೆ ಇವರು, ಇತ್ತ ಬಂದರೆ ಅವರು. ಅವನು ರಾತ್ರಿ ಎದ್ದು ಗಡಿ ದಾಟಿದ.

"ಅಂಥವರಿಗೆ ನಿನ್ನ ಹೆಂಡತಿ ಓಟು ಹಾಕಿದ್ಳಾ?" ಮಾವ ಕೇಳಿದರು.

"ಹಾಕಿದ್ಳು ಸಾಬ್. ಸುತ್ತಿಗೆ-ಕುಡುಗೋಲಿಗೇ."

"ಹೆದರಿಕೊಂಡಾ?"

ಅವನು ಯೋಚಿಸಿದ. "ಸೋತ್ರೆ ಮತ್ತೆ ಕಾಡಿಗೆ ಹೋಗ್ತಾರೆ. ಗೆದ್ರೆ ಕುರ್ಚಿ ಮೇಲೆ ಕೂರ್ತಾರೆ. ಕುರ್ಚಿ ಮೇಲೆ ಕೂತವ್ರು ರಾತ್ರಿ ಮನೆ ಬಾಗಿಲಿಗೆ ಬರಲ್ಲ."

ಹೆದರಿಕೆಯ ಓಟಿಗೆ ಬೆಲೆಯಿಲ್ಲ ಎಂದು ವಾದಿಸಬಹುದು. ಆದರೆ ಆ ಹೆಂಗಸು ಅಲ್ಲಿದ್ದ ಎಲ್ಲ ಪಂಡಿತರಿಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಳು ಎಂದೇ ನನಗೆ ಈಗಲೂ ಅನಿಸುತ್ತದೆ.

ಮಾವ ಅಷ್ಟಕ್ಕೆ ಬಿಡುವವರೇ? "ಮನಮೋಹನ ಸಿಂಗರು 2006ರಲ್ಲಿ ಏನಂದ್ರು? ದೇಶದ ಒಳಗಿನ ಭದ್ರತೆಗೆ ನಕ್ಸಲರಷ್ಟು ದೊಡ್ಡ ಸವಾಲು ಇನ್ನೊಂದಿಲ್ಲ ಅಂದ್ರು. ಮೊನ್ನೆ ಸೆಪ್ಟೆಂಬರ್‌ನಲ್ಲಿ ಅವರೇ ದಿಲ್ಲಿಯಲ್ಲಿ ಪ್ರಚಂಡನ ಕೈ ಕುಲುಕಿದ್ರು. ಹಂಗಾದ್ರೆ ಪಾವಗಡದಲ್ಲಿ ನಮ್ಮ ಹುಡುಗ್ರು ಸತ್ತಿದ್ದು ಯಾವ ಲೆಕ್ಕ?"

ನನ್ನಲ್ಲಿ ಉತ್ತರ ಇರಲಿಲ್ಲ, ತಿಳಿದದ್ದನ್ನು ಹೇಳಿದೆ. ಪ್ರಚಂಡ ನೇರ ಕಾಡಿನಿಂದ ಕುರ್ಚಿಗೆ ಬಂದವನಲ್ಲ. 2005ರ ನವೆಂಬರಿನಲ್ಲಿ ದಿಲ್ಲಿಯಲ್ಲೇ ನೇಪಾಳದ ಏಳು ಪಕ್ಷಗಳ ಜೊತೆ ಹನ್ನೆರಡು ಅಂಶದ ಒಪ್ಪಂದವಾಯಿತು, ಮಾರನೆಯ ವರ್ಷ ಶಾಂತಿ ಒಪ್ಪಂದ. ಮಾವೋವಾದಿ ಪಡೆ ಶಿಬಿರಗಳಿಗೆ ಬಂತು. ಬಂದೂಕುಗಳನ್ನು ಕಂಟೇನರಿಗೆ ತುಂಬಿ ಬೀಗ ಜಡಿದರು. ವಿಶ್ವಸಂಸ್ಥೆಯವರು ಕಾವಲಿದ್ದರು, ಬೀಗ ಮುಟ್ಟಿದರೆ ಸೈರನ್ ಕೂಗುವ ಏರ್ಪಾಡಿತ್ತು. ಕೀಲಿಕೈ ಮಾತ್ರ ಮಾವೋವಾದಿಗಳ ಹತ್ತಿರವೇ.

"ಕೀಲಿಕೈ ಕಳ್ಳನ ಕೈಲೇ?" ಮಾವ ಜೋರಾಗಿ ನಕ್ಕರು. ಎದುರು ಮನೆಯಲ್ಲಿ ದೀಪ ಹತ್ತಿತು.

ನಗು ಬರುವಂಥದ್ದೇ. ಆದರೂ ಆ ಏರ್ಪಾಡೇ ನನಗೆ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಮೊದಲು ಶರಣಾಗು, ಆಮೇಲೆ ಮಾತು ಎಂದಿದ್ದರೆ ಅವರು ಬರುತ್ತಿರಲಿಲ್ಲ. ಮಿಜೋರಾಮಿನಲ್ಲಿ ಬೇರೆ ದಾರಿ ಹಿಡಿದರು. 1966ರಲ್ಲಿ ದಂಗೆಯೆದ್ದ ಲಾಲ್‌ಡೆಂಗಾ 1986ರ ಒಪ್ಪಂದಕ್ಕೆ ಸಹಿ ಹಾಕಿದ, ಅವನ ಜನ ಶಸ್ತ್ರ ಒಪ್ಪಿಸಿದರು, ಅದೇ ವರ್ಷ ಅವನು ಮುಖ್ಯಮಂತ್ರಿಯಾದ, ಮಾರನೆಯ ವರ್ಷ ಚುನಾವಣೆಯನ್ನೂ ಗೆದ್ದ. ಒಂದು ಕಾಲಕ್ಕೆ ಐಜ್ವಾಲಿನ ಮೇಲೆ ವಿಮಾನದಿಂದ ಬಾಂಬು ಹಾಕಿಸಿದ್ದ ಸರ್ಕಾರವೇ ಅವನನ್ನು ಒಪ್ಪಿಕೊಂಡಿತು. ಗಾಜಾದಲ್ಲಿ ಮಾತ್ರ ಚುನಾವಣೆಗೆ ನಿಲ್ಲಲು ಬಿಟ್ಟು, ಗೆದ್ದ ಮೇಲೆ ಷರತ್ತು ಮುಂದಿಟ್ಟರು: ಇಸ್ರೇಲನ್ನು ಒಪ್ಪಿ, ಹಿಂಸೆ ಬಿಡಿ, ಹಳೆಯ ಒಪ್ಪಂದಗಳಿಗೆ ತಲೆಬಾಗಿ. ಷರತ್ತು ತಪ್ಪಲ್ಲ, ಅದನ್ನು ಹೇಳಬೇಕಾಗಿದ್ದು ಓಟಿಗೆ ಮುಂಚೆ. ಹಮಾಸ್ ಕೂಡ ಮರುವರ್ಷವೇ ಗಾಜಾವನ್ನು ಬಂದೂಕಿನಿಂದ ವಶಮಾಡಿಕೊಂಡಿತು. ಮತ್ತೆ ಅಂಥ ಚುನಾವಣೆ ಅಲ್ಲಿ ನಡೆದೇ ಇಲ್ಲ. ಆ ರಾತ್ರಿ ಇದನ್ನೆಲ್ಲ ನಾನು ಇಷ್ಟು ಬಿಡಿಸಿ ಹೇಳಲಿಲ್ಲ. ಹೇಳಿದ್ದರೂ ಮಾವ ಒಪ್ಪುತ್ತಿರಲಿಲ್ಲ. "ಒಪ್ಪೋದು ಬೇರೆ, ಕ್ಷಮಿಸೋದು ಬೇರೆ ಕಣ್ರೀ. ಸತ್ತವರ ಕೇಸು ಯಾರು ನಡೆಸ್ತಾರೆ?" ಎಂದು ಎದ್ದು ಹೋದರು.

ಆ ಪ್ರಶ್ನೆಯಲ್ಲಿ ಮಾವನೇ ಗೆದ್ದರು. ನೇಪಾಳದಲ್ಲಿ ಸತ್ಯಶೋಧನೆಯ ಆಯೋಗ ಕೂತಿದ್ದೇ 2015ರಲ್ಲಿ. 60,000ಕ್ಕೂ ಹೆಚ್ಚು ದೂರುಗಳು ಬಂದು ಬಿದ್ದವು, ಬಿದ್ದೇ ಇದ್ದವು.

ಪ್ರಚಂಡ 2009ರ ಮೇ ತಿಂಗಳಲ್ಲಿ ಸೇನಾ ಮುಖ್ಯಸ್ಥನನ್ನು ತೆಗೆಯಲು ಹೋಗಿ ತಾನೇ ಕುರ್ಚಿ ಬಿಟ್ಟ. 2012ರಲ್ಲಿ ಶಿಬಿರಗಳೂ ಬಂದೂಕುಗಳೂ ನೇಪಾಳ ಸೇನೆಯ ಕೈಗೆ ಬಂದವು. ಅದೇ ವರ್ಷ ಅಮೆರಿಕ, ಮಾವೋವಾದಿ ಪಕ್ಷ ಸರ್ಕಾರ ಮಾಡಿ ನಾಲ್ಕು ವರ್ಷವಾದ ಮೇಲೆ, ಅದರ ಹೆಸರನ್ನು ತನ್ನ ಭಯೋತ್ಪಾದಕರ ಪಟ್ಟಿಯಿಂದ ತೆಗೆಯಿತು. 2013ರ ನವೆಂಬರಿನಲ್ಲಿ ಮತ್ತೆ ಚುನಾವಣೆಯಾಗಿ ಪ್ರಚಂಡನ ಪಕ್ಷ ಮೂರನೆಯ ಸ್ಥಾನಕ್ಕೆ ಕುಸಿಯಿತು.

ಆ ಸುದ್ದಿ ಬಂದ ಬೆಳಗ್ಗೆ ದಫೇದಾರ್ ಮಾವ ಪೇಪರು ಮಡಚಿ ಹಿಡಿದು, ಪಾಳಿ ಮುಗಿಸಿ ಟೀ ಕುಡಿಯುತ್ತಿದ್ದ ಗೂರ್ಖಾನನ್ನು ಹುಡುಕಿಕೊಂಡು ಹೋದರು. ನಾನೂ ಹಿಂದೆ.

"ಸೋತ್ರಲ್ಲೋ ನಿಮ್ಮೋರು. ಕಾಡಿಗೆ ಹೊರಟ್ರಾ?"

"ಎಲ್ಲಿ ಸಾಬ್! ಮೋಸ ಆಯ್ತು, ಓಟು ಮತ್ತೆ ಎಣಿಸಿ ಅಂತ ಕೂತಿದ್ದಾರೆ" ಎಂದ ಅವನು.

"ಎಣಿಸಿ ಅಂತಾರಾ?" ಮಾವ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ ಅಂಗಡಿಯವನಿಗೆ, "ಇವನ ಟೀ ಕಾಸು ನನ್ನ ಲೆಕ್ಕಕ್ಕೆ ಬರ್ಕೊಳ್ಳಪ್ಪಾ" ಎಂದರು.