ಅಂಗಳ ಬೆಳ್ಳಗಾದ ದಿನ

ನಮ್ಮ ಕಡೆ ಹಿಮ ಬೀಳೋದಿಲ್ಲ. ಬಿದ್ದರೆ ಆಣೆಕಲ್ಲೇ. ಬೆಂಗಳೂರಿನ ಗೆಳೆಯರು ಆಲಿಕಲ್ಲು ಅಂತಾರೆ. ಹೆಸರು ಯಾವುದಾದರೇನು, ಜೇವರ್ಗಿ ತಾಲೂಕಿನ ಕೊಳಕೂರದಂಥ ಊರಲ್ಲಿ ಅಂಗಳ ಬೆಳ್ಳಗಾಗೋದು ಅದರಿಂದ ಮಾತ್ರ. ಅದೂ ಶಿವರಾತ್ರಿ ಮುಗಿದು, ಚಳಿ ಶಿವಶಿವಾ ಅಂತ ಹೋಯಿತು ಅಂದುಕೊಂಡ ಮೇಲೆ.

2014ರಲ್ಲಿ ಆದದ್ದು ಹಾಗೇ. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದ ಸೋಲಾಪುರ, ಲಾತೂರು ಕಡೆ, ಗಡಿಯ ಈಚೆ ಬೀದರ್, ಬಿಜಾಪುರ, ಗುಲಬರ್ಗಾ ಜಿಲ್ಲೆಗಳಲ್ಲಿ ಬಿಟ್ಟುಬಿಟ್ಟು ಆಣೆಕಲ್ಲು ಸುರಿಯಿತು. (ಬಿಜಾಪುರ ವಿಜಯಪುರವಾಗಿ, ಗುಲಬರ್ಗಾ ಕಲಬುರಗಿಯಾಗಿ ಬದಲಾದದ್ದು ಅದೇ ವರ್ಷದ ನವೆಂಬರ್ 1ಕ್ಕೆ.) ಶಿವರಾತ್ರಿ ಫೆಬ್ರವರಿ 27, ಗುರುವಾರ ಬಂದಿತ್ತು. ಶುಕ್ರವಾರ ಒಂದು ರಜೆ ಹಾಕಿದರೆ ನಾಲ್ಕು ದಿನ. ಈ ಲೆಕ್ಕ ನಿಮಗೆ ಹೇಳಿಕೊಡಬೇಕಾಗಿಲ್ಲ. ಭಾನುವಾರ ಗುಲಬರ್ಗಾದಿಂದ ರಾತ್ರಿ ರೈಲಿಗೆ ನನ್ನ ಟಿಕೆಟ್ ಇತ್ತು. ಜೇವರ್ಗಿಯಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರ್, ನಡುವೆ ಕಟ್ಟಿಸಂಗಾವಿಯಲ್ಲಿ ಭೀಮಾ ನದಿ ದಾಟಬೇಕು.

ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ನಿಂತೇಹೋಯಿತು. ಎತ್ತುಗಳು ಮೇವು ಬಿಟ್ಟು ಕಿವಿ ನಿಮಿರಿಸಿ ನಿಂತವು. ಅವ್ವ ಕುಳ್ಳು ಒಳಗೆ ಹಾಕೋಕೆ ಓಡಾಡುತ್ತಿದ್ದಳು. ಮೊದಲು ಬಿದ್ದವು ಕಡಲೆಕಾಳಿನಷ್ಟು. ಹಿಂದಿನ ಕೋಣೆಯ ಪತ್ರಾದ ಮೇಲೆ ಯಾರೋ ಕಡಿ ಎರಚಿದ ಹಾಗೆ ಸಪ್ಪಳ. ಐದು ನಿಮಿಷಕ್ಕೆ ಲಿಂಬೆಹಣ್ಣಿನಷ್ಟಾದವು. ಆಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ.

ಬಿಸಿಲಿಗೆ ಕಾದ ಕರಿನೆಲದ ಗಾಳಿ ಮೇಲಕ್ಕೇರುತ್ತದೆ, ಸಮುದ್ರದ ಕಡೆಯ ತೇವ ಬಂದು ಅದಕ್ಕೆ ಸೇರುತ್ತದೆ. ತುಂಬ ಎತ್ತರದಲ್ಲಿ ಮಾತ್ರ ಚಳಿಗಾಲ ಇನ್ನೂ ಮುಗಿದಿರೋದಿಲ್ಲ. ಮೋಡದೊಳಗಿನ ಗಾಳಿ ಹನಿಯನ್ನು ಕೆಳಗೆ ಬೀಳಗೊಡದೆ ಎತ್ತಿ ಹಿಡಿಯುತ್ತದೆ. ಅದು ಪದರ ಪದರವಾಗಿ ಹೆಪ್ಪುಗಟ್ಟಿ, ಇನ್ನು ಹೊರಲಾರೆ ಅಂತ ಗಾಳಿ ಕೈಬಿಟ್ಟಾಗ ನಮ್ಮ ತಲೆ ಮೇಲೆ. ದೊಡ್ಡದೊಂದನ್ನು ಒಡೆದು ನೋಡಿ, ಒಳಗೆ ಉಳ್ಳಾಗಡ್ಡಿಯ ಹಾಗೆ ಸುತ್ತು ಕಾಣುತ್ತವೆ.

ಎಲ್ಲರೂ ನಡುಮನೆಗೆ ಬಂದೆವು. ನಮ್ಮದು ಅರ್ಧ ಹಳೇ ಮನೆ, ಅರ್ಧ ಹೊಸದು. ಹಳೇ ಭಾಗಕ್ಕೆ ಒಂದು ಮೊಳಕ್ಕಿಂತ ದಪ್ಪ ಗೋಡೆ, ನೆಲಕ್ಕೆ ಶಹಾಬಾದ್ ಕಲ್ಲು, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಪತ್ರಾದ ಮೇಲೆ ಕಿವಿ ಕಿತ್ತುಹೋಗುವಂತೆ ಬಡಿಯುವ ಕಲ್ಲು ಮಣ್ಣಿನ ಮಾಳಿಗೆಯ ಮೇಲೆ ಧೊಪ್ ಧೊಪ್ ಅಂತ ಅಷ್ಟೇ. ಆಯಿ ಜಪದ ಮಣಿ ಎಣಿಸುತ್ತಾ ಕೂತಿದ್ದಳು. ಅಣ್ಣನ ಮಕ್ಕಳಿಬ್ಬರು ಅವಳ ಸೆರಗಿನಲ್ಲಿ. ದಾರಿಯಲ್ಲಿ ಹೋಗುತ್ತಿದ್ದ ಬೈಕಿನವರಿಬ್ಬರು ಹೆಲ್ಮೆಟ್ ತೆಗೆಯದೇ ಬಾಗಿಲೊಳಗೆ ನುಗ್ಗಿ, ಎತ್ತು ಕಟ್ಟುವ ಜಾಗದಲ್ಲೇ ನಿಂತರು. ಅಫಜಲಪುರದ ಕಡೆಯವರಂತೆ. ಹೆಸರು ಕೇಳುವ ನೆನಪೂ ಯಾರಿಗೂ ಬರಲಿಲ್ಲ, ಅವ್ವ ಮೊದಲು ಒಣ ಟವೆಲ್ ಕೊಟ್ಟಳು.

ಕರೆಂಟ್ ಹೋಗಿತ್ತು, ಟವರ್ ಸತ್ತಿತ್ತು. ರೈಲಿನ ಟಿಕೆಟ್ ಕ್ಯಾನ್ಸಲ್ ಮಾಡಲೂ ದಾರಿಯಿಲ್ಲ. ನಾನು ಫೋನನ್ನು ಮೇಲೆತ್ತಿ ಹಿಡಿದು ಮನೆ ತುಂಬ ತಿರುಗಿದ್ದು ನೋಡಿ ಅಪ್ಪ ಅಂದ, "ಹೋಗೋದು ನಾಳಿ ನೋಡೋಣು. ಇವತ್ತ ಸುಮ್ಮ ಕುಂದ್ರು."

ಅಪ್ಪ ಸುಮ್ಮನೆ ಕೂತದ್ದೇ ನನಗೆ ಅಚ್ಚರಿ. ಹೊಲದಲ್ಲಿ ಎರಡು ಎಕರೆ ಜೋಳ ಕೊಯ್ದು ಸಿವುಡು ಕಟ್ಟಿ ಹಾಕಿತ್ತು, ಉಳಿದದ್ದು ತೆನೆಹೊತ್ತು ನಿಂತಿತ್ತು. ನಮ್ಮದು ಮಾಲದಂಡಿ ಜೋಳ. ಮಳೆಗಾಲ ಮುಗಿಯುವಾಗ ಬಿತ್ತಿದರೆ ಕರಿನೆಲ ಹಿಡಿದಿಟ್ಟ ಹಸಿಯಲ್ಲೇ ಬೆಳೆದು ಈ ಹೊತ್ತಿಗೆ ಕೈಗೆ ಬರುತ್ತದೆ. ಬಿತ್ತಿದ ಮೇಲೆ ಮಳೆ ಬರಲಿ ಅಂತ ಕಾಯುವ ಬೆಳೆಯಲ್ಲ, ಕೊಯ್ಲಿನಲ್ಲಿ ಮಳೆ ಬರದಿರಲಿ ಅಂತ ಕೈಮುಗಿಯುವ ಬೆಳೆ. ತೊಯ್ದರೆ ಕಾಳು ಕಪ್ಪಾಗುತ್ತದೆ, ಕಣಕಿ ಕೊಳೆಯುತ್ತದೆ. ಅಣ್ಣ ತಾಡಪತ್ರಿ ಹಿಡಿದು ಎದ್ದು ನಿಂತಿದ್ದ. "ಈಗ ಹೊಲಕ್ಕ ಓಡಿದ್ರ ಜೋಳ ಏಳ್ತದೇನು? ತಲಿ ಒಡಿತದ ಅಷ್ಟ" ಅಂದ ಅಪ್ಪ. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿ, ಕವಡೆ ಸಿಗದೆ ಹುಣಸೆ ಬೀಜವನ್ನೇ ಒಡೆದು, ಮೊಮ್ಮಕ್ಕಳ ಜೊತೆ ಚೌಕಾಬಾರಾ ಆಡಲು ಕೂತ. ಬೈಕಿನವರಲ್ಲಿ ಒಬ್ಬ ನಾಲ್ಕನೇ ಆಟಗಾರನಾದ.

ವೈನಿ ಒಲೆ ಹಚ್ಚಿದಳು. ರೊಟ್ಟಿ ಬಡಿಯುವ ಸದ್ದು, ಮಾಳಿಗೆ ಮೇಲಿನ ಸದ್ದು ಎರಡೂ ಕೂಡಿ ಯಾವುದು ಯಾವುದೆಂದು ತಿಳಿಯದ ಹಾಗಾಯಿತು. ಬಿಸಿ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರು. ಎಂಟು ಜನರ ಅಡುಗೆ ಹತ್ತು ಜನಕ್ಕೆ ಸಾಕಾಯಿತು. ನಾನು ಬೆಂಗಳೂರಿನಲ್ಲಿ ಆರು ವರ್ಷ ಇದ್ದೆ. ಅಷ್ಟು ದಿನದಲ್ಲಿ, ಮುಂದಿನ ಅರ್ಧ ಗಂಟೆಯಲ್ಲಿ ಏನೂ ಮಾಡಬೇಕಾಗಿಲ್ಲ ಅನ್ನಿಸಿದ್ದು ಆವತ್ತೊಂದೇ ಸಲ.

ಆದರೆ ಒಂದು ಮಾತು ಹೇಳಲೇಬೇಕು. ನಾವು ಬೆನ್ನು ಕೊಟ್ಟು ಕೂತದ್ದು ತೊಗರಿ ಚೀಲಗಳಿಗೆ. ತೊಗರಿ ಜನವರಿಯಲ್ಲೇ ರಾಶಿಯಾಗಿ ಮನೆ ಸೇರಿತ್ತು. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಅದು ಆಮೇಲಿನ ಸಂಗತಿ. ಆವತ್ತಿಗೆ ಅದು ಸಾಲ ತೀರಿಸುವ ಚೀಲ. ಓಣಿಯ ಕಾಕಾನ ಮನೆಯಲ್ಲಿ ಅಂಥ ಚೀಲ ಇರಲಿಲ್ಲ, ಅವನದೆಲ್ಲ ಹೊಲದಲ್ಲೇ ಇತ್ತು. ಕಲ್ಲು ನಿಂತ ಕೂಡಲೇ ಅವ ಬರಿಗಾಲಲ್ಲಿ ಹೊಲದ ದಾರಿ ಹಿಡಿದದ್ದನ್ನು ನೋಡಿದೆ. ಅದೇ ಮಳೆ, ಅದೇ ಓಣಿ. ಆಗ ಅಪ್ಪ ಹುಣಸೆ ಬೀಜ ಕೆಳಗಿಟ್ಟು, ಅಣ್ಣನ ಕೈಯಿಂದ ತಾಡಪತ್ರಿ ತೊಗೊಂಡು ಅವನ ಹಿಂದೆ ಹೋದ. ಮೊದಲು ಮುಚ್ಚಿದ್ದು ಕಾಕಾನ ಸಿವುಡುಗಳನ್ನು.

ಇತ್ತ ಮಕ್ಕಳು ಬೋಗುಣಿ ತುಂಬ ಕಲ್ಲು ಆರಿಸಿ ಸಕ್ಕರೆ ಹಾಕಿ ತಿಂದರು. ಅಂಗಳ, ತಿಪ್ಪೆ, ಗುಡಿಯ ಕಟ್ಟೆ ಎಲ್ಲಾ ಬೆಳ್ಳಗೆ. ಬೇವಿನ ಮರಗಳು ರಸ್ತೆಗೆ ಅಡ್ಡ ಬಿದ್ದಿದ್ದವು. ಬೈಕಿನವರು ಆ ರಾತ್ರಿ ನಮ್ಮಲ್ಲೇ ಉಳಿದರು.

ಮರುದಿನ ಟವರ್ ಬಂದಾಗ ಫ್ಯಾಮಿಲಿ ಗ್ರೂಪಿಗೆ ಅಂಗಳದ ಫೋಟೋ ಹಾಕಿದೆ. ಮಾವನ ಮಗ ಷಿಕಾಗೋದಲ್ಲಿದ್ದ. ಆ ಜನವರಿ 6ರಂದು ಅಲ್ಲಿ ಮೈನಸ್ 27 ಡಿಗ್ರಿ ಚಳಿಯಲ್ಲಿ ಬಾಗಿಲು ಹಾಕಿಕೊಂಡು ಕೂತವನು. "ನಿಮ್ಮಲ್ಲೂ ಸ್ನೋ ಬಂತಾ!" ಅಂತ ಬರೆದ. ಅವನಿಗೆ ಉತ್ತರ ಬರೆಯುವಷ್ಟರಲ್ಲಿ ಅಪ್ಪ ಕರೆದ. ಸಿವುಡು ತಿರುವಿಹಾಕಲು ಆಳು ಸಾಲದಾಗಿತ್ತು.

ಬುಧವಾರದವರೆಗೆ ಅದೇ ಕೆಲಸ. ಮೇಲಿನ ಸಿವುಡು ಕಪ್ಪು ತಿರುಗಿದ್ದವು, ಅಡಿಯವು ಬಹಳಷ್ಟು ಉಳಿದವು. ನಿಂತ ಜೋಳ ಚಾಪೆಯ ಹಾಗೆ ಮಲಗಿತ್ತು. ಅದನ್ನೂ ಕೊಯ್ದು, ಒಳ್ಳೆಯ ಕಾಳು ಮಾರಿ, ಮಾಸಿದ ಕಾಳು ಮನೆಗೆ ಇಟ್ಟುಕೊಂಡರು. ಆ ವರ್ಷ ಊರಿಗೆ ಹೋದಾಗಲೆಲ್ಲ ಅದರದೇ ರೊಟ್ಟಿ. ಬಣ್ಣ ಅಷ್ಟೇ ಕಂದು, ರುಚಿಯಲ್ಲಿ ಏನೂ ಫರಕಿರಲಿಲ್ಲ ಅಂತ ಅವ್ವ ಇವತ್ತಿಗೂ ವಾದ ಮಾಡುತ್ತಾಳೆ. ಇತ್ತು. ಹೇಳಲಿಲ್ಲ, ಇನ್ನೊಂದು ಹಾಕು ಅಂದೆ.