ಫೋಟೋದಲ್ಲಿ ಕಾಣದ ಗೋಡೆ

ಸಹೋದರಿಯರೇ, ನಿಮ್ಮ ಮೊಬೈಲಿಗೂ ಇಂಥ ವೀಡಿಯೊ ಬಂದಿರಬಹುದು. ಮೊದಲು ಒಂದು ಮನೆಯ ಬಾಗಿಲು, ನಂತರ ಹೊಳೆಯುವ ನೆಲ, ಅಡುಗೆ ಮನೆಯ ಕಟ್ಟೆ, ಬೆಳಕು ತುಂಬಿದ ಕಿಟಕಿ. ಮೇಲೆ ದೊಡ್ಡ ಅಕ್ಷರಗಳಲ್ಲಿ 'ಮನೆ ಮಾರಾಟಕ್ಕಿದೆ'. ಅರ್ಧ ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಇಂಥ ಮನೆ ನಮಗೂ ಇದ್ದಿದ್ದರೆ ಎಂದು ನೀವು ಒಂದು ಕ್ಷಣ ಅಂದುಕೊಂಡಿರಲೂಬಹುದು.

ಅಂಥ ವೀಡಿಯೊಗಳನ್ನು ಮಾಡುವವಳು ನಾನು. ರಾಯಚೂರಿನ ಒಂದು ಬಾಡಿಗೆ ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಮೊಬೈಲ್ ಇಟ್ಟುಕೊಂಡು ಈ ಕೆಲಸ ಮಾಡುತ್ತೇನೆ. ಮಕ್ಕಳು ಶಾಲೆಗೆ ಹೋದ ಮೇಲೆ ಸಿಗುವ ಸಮಯವೇ ನನ್ನ ಕಚೇರಿ. ಸ್ವಂತ ಮನೆ ಇಲ್ಲದವಳು ಊರಿನ ಮನೆಗಳನ್ನೆಲ್ಲ ಚೆಂದವಾಗಿ ತೋರಿಸುತ್ತೇನೆಂದು ನಮ್ಮವರು ನಗುತ್ತಾರೆ.

ಹಿಂದೆಲ್ಲ ಹೀಗಿರಲಿಲ್ಲ. ಮನೆ ಬೇಕೆಂದರೆ ತೀನ್ ಕಂದೀಲ್ ಹತ್ತಿರದ ಚಹಾದಂಗಡಿಯಲ್ಲಿ ದಲ್ಲಾಳಿಯನ್ನು ಹುಡುಕಬೇಕಿತ್ತು. ಇಲ್ಲವೇ ಗಲ್ಲಿಗಲ್ಲಿ ತಿರುಗಿ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಹುಡುಕಬೇಕಿತ್ತು. ಹುಡುಕಾಟ ಗಂಡಸರದು, ಆ ಮನೆಯಲ್ಲಿ ದಿನವಿಡೀ ಇರಬೇಕಾದವರು ಹೆಂಗಸರು. ಸಾಮಾನು ಇಳಿಸುವ ದಿನವೇ ಅಡುಗೆ ಮನೆಯನ್ನು ಮೊದಲ ಸಲ ನೋಡಿದ ಸೊಸೆಯಂದಿರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಆ ಮೇಲೆ ಸೀರೆ, ಒಡವೆಗಳಂತೆ ಮನೆಗಳೂ ಮೊಬೈಲಿನೊಳಗೆ ಬಂದವು. ಇದರಿಂದ ಹೆಂಗಸರಿಗೆ ಒಂದು ಉಪಕಾರವಾದದ್ದು ನಿಜ. ಮನೆಯಲ್ಲೇ ಕುಳಿತು ಹತ್ತು ಮನೆ ನೋಡಿ, ಎಂಟನ್ನು ಬೇಡವೆನ್ನುವ ಹಕ್ಕು ನಮಗೆ ಸಿಕ್ಕಿತು.

ನನ್ನ ಮೈದುನ ಮನೆ, ಸೈಟುಗಳ ದಲ್ಲಾಳಿ. ಅವನು ವಾಟ್ಸಪ್‌ನಲ್ಲಿ ಫೋಟೋ ಕಳಿಸುತ್ತಿದ್ದ, ನಾನು ಅವನ್ನು ಜೋಡಿಸಿ ವೀಡಿಯೊ ಮಾಡಿ ಕೊಡುತ್ತಿದ್ದೆ. ಕೆಲಸ ಕಷ್ಟದ್ದಲ್ಲ. ಎಂಟು ಫೋಟೋ, ಒಂದೊಂದಕ್ಕೆ ಮೂರು ಸೆಕೆಂಡು ಎಂದರೆ ಇಪ್ಪತ್ತನಾಲ್ಕು ಸೆಕೆಂಡು. ಮೊಬೈಲನ್ನು ನಿಲ್ಲಿಸಿ ಹಿಡಿದು ನೋಡುವವರೇ ಹೆಚ್ಚಾದ್ದರಿಂದ ಚಿತ್ರ ಉದ್ದಕ್ಕೆ ಇರಬೇಕು, ಒಂಬತ್ತಕ್ಕೆ ಹದಿನಾರರ ಅಳತೆ. ಅಡ್ಡಲಾಗಿ ತೆಗೆದ ಫೋಟೋವನ್ನು ಈ ಅಳತೆಗೆ ತಂದರೆ ಎರಡೂ ಬದಿ ಕತ್ತರಿಸಿ ಹೋಗುತ್ತದೆ. ಪ್ರತಿ ಫೋಟೋ ನಿಧಾನವಾಗಿ ಹತ್ತಿರ ಬರುವಂತೆ ಮಾಡಿದರೆ ನೋಡುವವರಿಗೆ ತಾವೇ ಮನೆಯೊಳಗೆ ನಡೆದು ಹೋದಂತೆ ಅನ್ನಿಸುತ್ತದೆ.

ಬದಿ ಕತ್ತರಿಸುತ್ತದೆ ಎಂದೆನಲ್ಲ, ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ. ಯಾವ ಬದಿ ಉಳಿಯಬೇಕು, ಯಾವ ಬದಿ ಹೋಗಬೇಕು ಎಂದು ತೀರ್ಮಾನಿಸುವ ಬೆರಳು ನನ್ನದು.

ಒಂದು ಬೇಸಿಗೆಯಲ್ಲಿ ನಮ್ಮ ಗಲ್ಲಿಯ ಹಿಂದಿನ ಒಂದು ಮನೆ ಬಾಡಿಗೆಗೆ ಬಂತು. ಮಲಗುವ ಕೋಣೆಯ ಗೋಡೆಗೆ ಬಚ್ಚಲಿನ ತೇವ ಏರಿ ಸುಣ್ಣ ಉದುರಿತ್ತು. ಆ ಫೋಟೋ ಹಾಕಲೇ ಎಂದು ಕೇಳಿದೆ. "ಬ್ಯಾಡ ಭಾಭಿ. ಮೊದಲು ಮನೀಗೆ ಬರಲಿ, ಆಮ್ಯಾಲೆ ನಾ ಮಾತಾಡತೀನಿ" ಎಂದ. ನಾನು ಗೋಡೆಯನ್ನು ಕತ್ತರಿಸಿ ಕಿಟಕಿಯನ್ನು ಉಳಿಸಿದೆ. ಬೆಳಕು ಸ್ವಲ್ಪ ಹೆಚ್ಚಿಸಿದೆ. ವೀಡಿಯೊ ಬಹಳ ಚೆಂದ ಬಂತು.

ಮೂರನೆಯ ದಿನ ಮಾನ್ವಿಯಿಂದ ತಾಯಿ, ಮಗಳು ಬಂದರು. ಮಗಳಿಗೆ ರಾಯಚೂರಿನಲ್ಲಿ ನರ್ಸಿಂಗ್ ಓದು. ತಾಯಿಗೆ ಅಕ್ಕಿ ಗಿರಣಿಯಲ್ಲಿ ದಿನಗೂಲಿ. ಮನೆ ನೋಡಿ ಬೇಡವೆಂದರು. ಬಿಸಿಲು ಜೋರಾಗಿತ್ತು, ಮೈದುನ ಅವರನ್ನು ನೀರು ಕುಡಿಯಲು ನಮ್ಮ ಮನೆಗೆ ಕರೆತಂದ. ವೀಡಿಯೊ ಮಾಡಿದವಳು ನಾನೆಂದು ಅವರಿಗೆ ಗೊತ್ತಿರಲಿಲ್ಲ.

ಆ ತಾಯಿ ಮೊಬೈಲನ್ನು ನನ್ನ ಮುಂದೆ ಹಿಡಿದರು. "ನೋಡ್ರಿ ಅಕ್ಕಾರ, ಹೆಂಗ ತೋರ್ಸ್ಯಾರ. ಆ ಗ್ವಾಡೀನ ಇಲ್ಲ ಇದರಾಗ. ನನ್ನ ಮಗಳಿಗೆ ದಮ್ಮು ಐತ್ರಿ. ಗ್ವಾಡಿ ಕಂಡಿದ್ರ ನಾ ಮಾನ್ವಿ ಬಿಟ್ಟು ಬರತಿದ್ದಿಲ್ಲ."

ಶಕ್ತಿ ಯೋಜನೆ ಬಂದಿದ್ದರಿಂದ ಅವರಿಗೆ ಬಸ್ಸಿನ ಖರ್ಚು ಆಗಿರಲಿಲ್ಲ. ಆದರೆ ಒಂದು ದಿನದ ಕೂಲಿ ಹೋಗಿತ್ತು. ಕೂಲಿಗಿಂತ ಹೆಚ್ಚಾಗಿ, ಮಗಳಿಗೆ ಒಳ್ಳೆಯ ಮನೆ ಸಿಕ್ಕಿತೆಂದು ಮೂರು ದಿನ ಇಟ್ಟುಕೊಂಡಿದ್ದ ಆಸೆ ಹೋಗಿತ್ತು. "ಅದನ್ನು ಮಾಡಿದ್ದು ನಾನೇ" ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಇನ್ನೊಂದು ಲೋಟ ನೀರು ಕೊಟ್ಟೆ, ಅಷ್ಟೇ. ಅವರು ಹೋದ ಮೇಲೆ ಅಸರ್ ನಮಾಝಿಗೆ ನಿಂತಾಗಲೂ ಕಣ್ಣ ಮುಂದೆ ಅದೇ ಗೋಡೆ.

ಧಾನ್ಯದ ರಾಶಿಯ ಪ್ರಸಂಗವನ್ನು ನೀವೆಲ್ಲ ಕೇಳಿರುತ್ತೀರಿ. ಪ್ರವಾದಿಯವರು(ಸ) ಪೇಟೆಯಲ್ಲಿ ರಾಶಿಯೊಳಗೆ ಕೈ ಹಾಕಿದಾಗ ಮೇಲೆ ಒಣಗಿದ್ದ ಧಾನ್ಯದ ಒಳಗೆ ತೇವ ಸಿಕ್ಕಿತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಲಿಲ್ಲವೇಕೆ ಎಂದು ಅವರು ವ್ಯಾಪಾರಿಯನ್ನು ಕೇಳಿದರು. ಚಿಕ್ಕಂದಿನಿಂದ ಕೇಳಿದ ಪ್ರಸಂಗವದು. ನಾನೂ ತೇವವನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲಿಟ್ಟವಳೇ ಎಂದು ಹೊಳೆಯಲು ಮಾನ್ವಿಯ ಆ ತಾಯಿ ಬರಬೇಕಾಯಿತು.

ದೇಶದ ಕಾನೂನೂ ಬೇರೆ ಹೇಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವರಿಗೆ ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು. 2016ರ ರಿಯಲ್ ಎಸ್ಟೇಟ್ ಕಾಯಿದೆಯಡಿ ದೊಡ್ಡ ಲೇಔಟ್, ಅಪಾರ್ಟ್‌ಮೆಂಟ್‌ಗಳ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟು ನಷ್ಟಕ್ಕೊಳಗಾದವರು ಪರಿಹಾರ ಕೇಳಬಹುದು. ವೀಡಿಯೊ ನೋಡಿ ಸೈಟು ಕೊಳ್ಳಲು ಹೊರಟಿದ್ದರೆ ಮೊದಲು ಆ ಸಂಖ್ಯೆ ಕೇಳಿ.

ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಎಂಟು ಫೋಟೋಗಳಲ್ಲಿ ಒಂದು ದೋಷದ್ದೇ ಇರಬೇಕು. ಮೆಟ್ಟಿಲು ಕಡಿದಾಗಿದ್ದರೆ ಮೆಟ್ಟಿಲು, ಗೋಡೆಗೆ ತೇವವಿದ್ದರೆ ಗೋಡೆ. ಸಂಗೀತ ಬಿಟ್ಟು ನನ್ನ ಧ್ವನಿಯಲ್ಲೇ ನಾಲ್ಕು ಮಾತು ಹೇಳುತ್ತೇನೆ: ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರಿನ ನೀರು ಸಿಹಿಯೋ ಸವಳೋ, ಕುಡಿಯಲು ಆಗುತ್ತದೆಯೋ ಇಲ್ಲವೋ. ನಮ್ಮ ಜಿಲ್ಲೆಯ ಹಲವು ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವುದು ನಿಮಗೆ ಗೊತ್ತೇ ಇದೆ. ಹೊಳೆಯುವ ಟೈಲ್ಸ್‌ಗಿಂತ ಹೆಂಗಸರಿಗೆ ಬೇಕಾದ ಮಾಹಿತಿ ಇದು. ಮೈದುನ ಸಿಟ್ಟಾದ. ಕೆಲವು ತಿಂಗಳು ನನಗೆ ಕೆಲಸವನ್ನೇ ಕೊಡಲಿಲ್ಲ. ಮತ್ತೆ ಬಟ್ಟೆ ಹೊಲಿದೆ.

ಈಗ ಇನ್ನೊಂದು ಹೊಸತು ಬಂದಿದೆ. ಒಂದು ಫೋಟೋ ಕೊಟ್ಟರೆ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ತಾವಾಗಿ ಅದನ್ನು ಚಲಿಸುವ ವೀಡಿಯೊ ಮಾಡಿಕೊಡುತ್ತವೆ. ಕ್ಯಾಮೆರಾ ಬಾಗಿಲು ದಾಟಿ ಒಳಗೆ ಹೋದಂತೆ ಕಾಣುತ್ತದೆ. ಆದರೆ ಯೋಚಿಸಿ, ಬಾಗಿಲಿನ ಆಚೆ ಏನಿದೆಯೆಂದು ಆ ಫೋಟೋದಲ್ಲಿ ಇರಲೇ ಇಲ್ಲ. ಆ್ಯಪ್ ಅದನ್ನು ಕಲ್ಪಿಸಿಕೊಂಡು ತುಂಬುತ್ತದೆ. ನಾನೊಮ್ಮೆ ಪ್ರಯತ್ನಿಸಿದಾಗ, ಇಲ್ಲದ ಕಿಟಕಿಯೊಂದು ಗೋಡೆಯಲ್ಲಿ ಮೂಡಿತ್ತು. ಕೂಡಲೇ ಅಳಿಸಿದೆ. ಫೋಟೋವನ್ನು ನಿಧಾನವಾಗಿ ಹತ್ತಿರ ತರುವುದು ಬೇರೆ, ಇಲ್ಲದ್ದನ್ನು ಸೃಷ್ಟಿಸುವುದು ಬೇರೆ.

ನೀವು ನಿಮ್ಮದೇ ಮನೆಯ ವೀಡಿಯೊ ಹಾಕುವುದಾದರೆ ಕೆಲವು ಎಚ್ಚರಿಕೆ. ಮನೆಯೆಂದರೆ ನಮ್ಮ ಮಾನ. ಫೋಟೋ ತೆಗೆಯುವ ಮುನ್ನ ಗೋಡೆಯ ಮೇಲಿನ ಮಕ್ಕಳ ಚಿತ್ರ, ಹಗ್ಗದ ಮೇಲಿನ ಬಟ್ಟೆ, ಬಾಗಿಲ ಮೇಲಿನ ಹೆಸರು, ಅಂಗಳದ ಗಾಡಿಯ ನಂಬರು ಇವು ಕಾಣದಂತೆ ನೋಡಿಕೊಳ್ಳಿ. ಕನ್ನಡಿಯಲ್ಲಿ ಫೋಟೋ ತೆಗೆಯುವವರೇ ಕಾಣುವುದುಂಟು. ಇವನ್ನು ಮರೆಮಾಡುವುದು ಮೋಸವಲ್ಲ. ದೋಷ ಕೊಳ್ಳುವವರಿಗೆ ಗೊತ್ತಾಗಬೇಕು, ಸಂಸಾರ ಊರಿಗೆಲ್ಲ ಗೊತ್ತಾಗಬೇಕಿಲ್ಲ. ಮನೆ ಖಾಲಿ ಬಿದ್ದಿದೆಯೆಂದು, ಪೂರ್ಣ ವಿಳಾಸ ಕೊಟ್ಟು ಬರೆಯಬೇಡಿ. ಬೇರೆಯವರ ಮನೆಯ ವೀಡಿಯೊ ಕದ್ದು ತಮ್ಮದೆಂದು ಹಾಕಿ ಅಡ್ವಾನ್ಸ್ ಕೇಳುವ ಮೋಸಗಾರರೂ ಇದ್ದಾರೆ. ಮನೆಯನ್ನು ಕಣ್ಣಾರೆ ನೋಡದೆ, ಕಾಗದಪತ್ರ ಪರಿಶೀಲಿಸದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನನ್ನ ನಿಯಮದ ನಿಜವಾದ ಪರೀಕ್ಷೆ ಬಂದದ್ದು ಅಮ್ಮಿ ತೀರಿಕೊಂಡ ಮೇಲೆ. ದೇವದುರ್ಗದ ನಮ್ಮ ತವರು ಮನೆ ಮಾರಿ, ಅಣ್ಣಂದಿರಿಬ್ಬರು ಮತ್ತು ನಾನು ಶರೀಅತ್ ಪ್ರಕಾರ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ವೀಡಿಯೊ ಮಾಡುವ ಹೊಣೆ ನನಗೇ ಬಂತು.

ಶಹಾಬಾದಿ ಕಲ್ಲು ಹಾಸಿದ ಪಡಸಾಲೆ, ಅಮ್ಮಿ ಮೆಣಸಿನಕಾಯಿ ಒಣಗಿಸುತ್ತಿದ್ದ ಮಾಳಿಗೆ, ಅಬ್ಬಾ ವುಝೂ ಮಾಡುತ್ತಿದ್ದ ಕಟ್ಟೆ, ಎಲ್ಲದರ ಫೋಟೋ ತೆಗೆದೆ. ಹಿಂದಿನ ಕೋಣೆಯಲ್ಲಿ ಮೂಲೆಯಿಂದ ಕಿಟಕಿಯವರೆಗೆ ಒಂದು ಬಿರುಕು. ಅದು ನಾನು ಹುಡುಗಿಯಾಗಿದ್ದಾಗಿನಿಂದ ಇದೆ. ನಮ್ಮ ಕಡೆಯದು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಅದರ ಮೇಲಿನ ಗೋಡೆಗಳು ಸೀಳುತ್ತವೆ. ಅಬ್ಬಾ ಎರಡು ಸಲ ಸಿಮೆಂಟ್ ತುಂಬಿಸಿದ್ದರು.

"ಅದನ್ನು ತೋರಿಸಬೇಡ" ಎಂದರು ದೊಡ್ಡಣ್ಣ. "ರೇಟು ಬೀಳುತ್ತದೆ. ನಿನ್ನ ಪಾಲೂ ಕಡಿಮೆಯಾಗುತ್ತದೆ, ನೆನಪಿರಲಿ." ಅವರ ಮಾತು ಸುಳ್ಳಾಗಿರಲಿಲ್ಲ. ನನಗೂ ಹಣ ಬೇಕಿತ್ತು. ಬಾಡಿಗೆ ಮನೆಯ ಅಡ್ವಾನ್ಸ್, ಮಗಳ ಕಾಲೇಜು ಎರಡೂ ಮುಂದಿದ್ದವು. ಪರರ ಮನೆಯ ದೋಷ ತೋರಿಸುವುದು ಸುಲಭ, ಅದರ ನಷ್ಟ ನಮ್ಮದಲ್ಲ. ಎರಡು ರಾತ್ರಿ ಯೋಚಿಸಿದೆ. ಆ ಫೋಟೋ ತೆಗೆದುಹಾಕಿದೆ, ಮತ್ತೆ ಸೇರಿಸಿದೆ. ಕೊನೆಗೆ ಸೇರಿಸಿಯೇ ಕಳಿಸಿದೆ. "ಈ ಬಿರುಕು ಹಳೆಯದು, ಎರಡು ಸಲ ರಿಪೇರಿಯಾಗಿದೆ, ಗೌಂಡಿಯನ್ನು ಕರೆತಂದು ತೋರಿಸಿ" ಎಂದು ಹೇಳಿದೆ.

ಎರಡು ತಿಂಗಳು ಯಾರೂ ಫೋನ್ ಮಾಡಲಿಲ್ಲ. ಅಣ್ಣನೂ ಮಾಡಲಿಲ್ಲ. ಈದ್ ದಿನ ಭಾಭಿಯೇ ಮಾತಾಡಿದರು, ಅಣ್ಣ ಮಲಗಿದ್ದಾರೆ ಎಂದರು.

ಆ ಮೇಲೆ ಒಬ್ಬ ಗೌಂಡಿಯ ಸಂಸಾರವೇ ಬಂತು. ಅವರು ಗೋಡೆಗೆ ಬೆರಳು ಆಡಿಸಿ, "ಇದೇನು ಹೊಸದಲ್ಲ, ನಾ ಸರಿ ಮಾಡ್ಕೋತೀನಿ. ಮೊದಲ ಹೇಳಿದ್ರಲ್ಲ, ಹಂಗಾರ ಉಳಿದದ್ದೂ ಖರೇನ ಇರಬೇಕು" ಎಂದರು. ಅವರ ಹೆಂಡತಿ ಅಡುಗೆ ಮನೆಯಲ್ಲಿ ನಿಂತು ಕಿಟಕಿ ತೆರೆದು ನೋಡಿದರು. ಅಮ್ಮಿ ನಿಲ್ಲುತ್ತಿದ್ದ ಜಾಗ ಅದು. ನಾವು ಬಯಸಿದ್ದಕ್ಕಿಂತ ಸ್ವಲ್ಪ ಕಡಿಮೆಗೆ ವ್ಯವಹಾರ ಮುಗಿಯಿತು. ಆ ವ್ಯತ್ಯಾಸದ ಲೆಕ್ಕವನ್ನು ಅಣ್ಣ ಇಂದಿಗೂ ಹೇಳುತ್ತಾರೆ. ನಾನು ವಾದಿಸುವುದಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಮೈದುನ ಮಾತ್ರ ಈಗ ಮತ್ತೆ ಕೆಲಸ ಕಳಿಸುತ್ತಾನೆ. ದೋಷ ನೋಡಿಯೇ ಬಂದವರು ಮನೆ ಬಾಗಿಲಿನಿಂದ ಸುಮ್ಮನೆ ಹಿಂದಿರುಗುವುದು ಕಡಿಮೆ, ತನ್ನ ಪೆಟ್ರೋಲೂ ಉಳಿಯುತ್ತದೆ ಎಂಬುದು ಅವನ ಲೆಕ್ಕ.

ಸಹೋದರಿಯರೇ, ನಿಮ್ಮಲ್ಲಿ ಕೆಲವರು ನಾಳೆ ಮನೆಯಲ್ಲೇ ಕುಳಿತು ಈ ಕೆಲಸ ಆರಂಭಿಸಬಹುದು. ಹಲಾಲ್ ದುಡಿಮೆಗೆ ಒಳ್ಳೆಯ ದಾರಿ. ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಮೊಬೈಲನ್ನು ಎದೆಯ ಎತ್ತರಕ್ಕೆ ನೆಟ್ಟಗೆ ಹಿಡಿಯಿರಿ, ಕೋಣೆಯ ಮೂಲೆಯಲ್ಲಿ ನಿಲ್ಲಿ. ಬೆರಳು ಗೋಡೆಯನ್ನು ಕತ್ತರಿಸಲು ಹೊರಟಾಗ, ಮಗಳ ಕೈ ಹಿಡಿದು ಬಿಸಿಲಿನಲ್ಲಿ ಬಸ್ಸಿಳಿಯುವ ಒಬ್ಬ ತಾಯಿಯನ್ನು ನೆನೆದುಕೊಳ್ಳಿ. ಅವರಲ್ಲಿ ನಾನು ಇನ್ನೂ ಕ್ಷಮೆ ಕೇಳಿಲ್ಲ. ಈ ಪುಟ ಮಾನ್ವಿಯವರೆಗೆ ತಲುಪಿದರೆ, ಆ ವೀಡಿಯೊ ಮಾಡಿದವಳು ನಾನೇ ಎಂದು ಅವರಿಗೆ ತಿಳಿಯಲಿ.