ರೆಕ್ಕೆಯ ಭಾರವನ್ನು ಅಳೆಯುವ ಬಗೆ

ಕಣ್ಣಿಗೆ ಕಾಣದ ವಾಯುವು ಹಾರುತ್ತಿರುವ ವಿಮಾನದ ರೆಕ್ಕೆಯನ್ನು ಎಷ್ಟು ಬಲದಿಂದ ಮೇಲಕ್ಕೆತ್ತುತ್ತಿದೆಯೆಂದು ತಿಳಿಯುವುದು ಹೇಗೆಂದು ನಮ್ಮ ಶಾಲೆಯ ಬಾಲಿಕೆಯೊಬ್ಬಳು ಭೌತಶಾಸ್ತ್ರದ ಪಾಠದಲ್ಲಿ ಕೇಳಿದಳು. ಆಕಾಶದಲ್ಲಿ ತಕ್ಕಡಿಯನ್ನು ತೂಗುಹಾಕಲು ಸ್ಥಳವಿಲ್ಲ. ಆದಕಾರಣ ರೆಕ್ಕೆಯನ್ನೇ ತಕ್ಕಡಿಯನ್ನಾಗಿ ಮಾಡಿಕೊಳ್ಳಬೇಕಾಗುತ್ತದೆಂದು ನಾವು ಉತ್ತರವಿತ್ತೆವು. ಅದರ ವಿವರವನ್ನು ಇಲ್ಲಿ ಬರೆಯುತ್ತೇವೆ.

ಭಾರವನ್ನು ಹೊತ್ತ ವಸ್ತುವೆಲ್ಲವೂ ಅಷ್ಟಿಷ್ಟು ರೂಪಗೆಡುತ್ತದೆ. ನಮ್ಮ ಹುಟ್ಟೂರಾದ ಮೊಸಳೆಯ ನಾಗೇಶ್ವರ, ಚೆನ್ನಕೇಶವ ದೇವಾಲಯಗಳ ಕಲ್ಲುಕಂಬಗಳು ಸಹ ಹೊಯ್ಸಳರ ಕಾಲದಿಂದಲೂ ಕಣ್ಣಿಗೆ ತೋರದಷ್ಟು ಕುಗ್ಗಿಯೇ ನಿಂತಿವೆ. ಲೋಹದ ತಂತಿಯನ್ನು ಎಳೆದರೆ ಅದರ ವಿದ್ಯುನ್ನಿರೋಧವು ಬದಲಾಗುವುದೆಂದು, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ನರು 1856ರಲ್ಲಿ ತೋರಿಸಿದರು. ಅಂಥ ತಂತಿಯನ್ನು ವಸ್ತುವಿಗೆ ಅಂಟಿಸಿ ಅದರ ಹಿಗ್ಗುಕುಗ್ಗುಗಳನ್ನು ಅಳೆಯುವ ಮಾಪಕವನ್ನು ಅಮೆರಿಕದ ಸಿಮ್ಮನ್ಸ್ ಮತ್ತು ರೂಜ್ ಎಂಬಿಬ್ಬರು 1938ರಲ್ಲಿ ಬೇರೆಬೇರೆಯಾಗಿ ರಚಿಸಿದರು.

ಮಾಪಕವು ಹೇಳುವುದು ಹಿಗ್ಗನ್ನಲ್ಲದೆ ಬಲವನ್ನಲ್ಲ. ಆದುದರಿಂದ ಮೊದಲು ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ, ರೆಕ್ಕೆಯ ಹಲವೆಡೆಗಳಲ್ಲಿ ಪರಿಮಾಣ ಗೊತ್ತಿರುವ ಬಲಗಳನ್ನು ಪ್ರಯೋಗಿಸಿ, ಒಂದೊಂದಕ್ಕೂ ಮಾಪಕಗಳು ತೋರುವ ಅಂಕಗಳನ್ನು ಬರೆದಿಡುತ್ತಾರೆ. ಕತ್ತರಿಸುವ, ಬಾಗಿಸುವ, ತಿರುಚುವ ಪರಿಣಾಮಗಳು ಒಂದರೊಡನೊಂದು ಬೆರೆತಿರುವುದರಿಂದ ಅವನ್ನು ಸಮೀಕರಣಗಳಿಂದ ಬೇರ್ಪಡಿಸುತ್ತಾರೆ. ಈ ಕ್ರಮವನ್ನು ಸ್ಕೊಪಿನ್ಸ್ಕಿ ಮತ್ತು ಸಂಗಡಿಗರಿಬ್ಬರು 1954ರ ವರದಿಯಲ್ಲಿ ವಿವರಿಸಿದರು. ಹಾರಾಟದಲ್ಲಿ ವಿಮಾನವು ಥಟ್ಟನೆ ಮೇಲಕ್ಕೇರುವಾಗ ರೆಕ್ಕೆಯ ಸ್ವಂತ ಭಾರವೂ ಜಡತೆಯೂ ವಾಯುಬಲಕ್ಕೆ ಎದುರಾಗಿ ನಿಲ್ಲುತ್ತವೆ. ಆ ಪಾಲನ್ನು ಕೂಡಿಸಿ, ಬಿಸಿಲು ಚಳಿಗಳಿಂದಾದ ಹಿಗ್ಗುಕುಗ್ಗುಗಳನ್ನು ಕಳೆದ ಮೇಲಲ್ಲವೆ ವಾಯುಬಲದ ನಿಜವಾದ ಲೆಕ್ಕವು ದೊರೆಯುವುದು!

ಈ ವಿದ್ಯೆಯು ನಮ್ಮ ಬಾಲಿಕೆಯರಿಗೆ ದೂರದ್ದಲ್ಲ. ಬೆಂಗಳೂರಿನಲ್ಲಿ 1940ರಲ್ಲಿಯೇ ವಿಮಾನ ಕಾರ್ಖಾನೆಯು ಸ್ಥಾಪಿತವಾಯಿತು. 1959ರಲ್ಲಿ ಆರಂಭವಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ಅಲ್ಲಿಯೇ ಇದೆ. ತೇಜಸ್ ವಿಮಾನವು 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ್ದೂ ಅಲ್ಲಿಂದಲೇ. ಗಣಿತವನ್ನು ಗಂಡುಮಕ್ಕಳ ಪಾಠವೆಂದೆಣಿಸಿ ಬಿಟ್ಟುಬಿಡುವ ಹುಡುಗಿಯರು ಇದನ್ನು ನೆನೆಯಲಿ.

ಉಪಾಧ್ಯಾಯಿನಿಯರಾದ ನಮಗೂ ಇದರಲ್ಲಿ ಪಾಠವುಂಟು. ಒಂದು ರೆಕ್ಕೆಯ ಲೆಕ್ಕವನ್ನು ಪರೀಕ್ಷಿಸದೆ ಮತ್ತೊಂದಕ್ಕೆ ಹಚ್ಚಲಾಗದು. ಮುಂಜಾನೆ ನೀರು ಸೇದಿ, ತಮ್ಮತಂಗಿಯರಿಗೆ ಉಣಬಡಿಸಿ, ಬಸ್ಸಿಗೆ ಓಡಿಬರುವವಳೂ ಮನೆಯಲ್ಲಿ ಓದಲು ಎಡೆಯುಳ್ಳವಳೂ ನೂರಕ್ಕೆ ನಲವತ್ತು ಅಂಕಗಳನ್ನೇ ಪಡೆದಿರಬಹುದು; ಇಬ್ಬರ ಭಾರವು ಒಂದೇ ಅಲ್ಲ. ಆದಕಾರಣ ಈ ವರ್ಷದಿಂದ ಅಂಕಪಟ್ಟಿಯ ಪಕ್ಕದಲ್ಲಿ, ಪ್ರತಿಯೊಬ್ಬಳೂ ಶಾಲೆಗೆ ಬರುವ ಮುನ್ನ ಮಾಡುವ ಕೆಲಸಗಳನ್ನೂ ಬರೆಯಿಸುತ್ತಿದ್ದೇವೆ. ಪೋಷಕರು ಸಂಕೋಚಪಡದೆ ಇವನ್ನು ನಮಗೆ ತಿಳಿಸಬೇಕೆಂದು ಕೋರುತ್ತೇವೆ.